ಹದಮಾಪಕ ಮತ್ತು ಮಾಳಿಂಗನ ಮೊದಲ ದಾಳಿ

ಹದಮಾಪಕದ ಕಥೆಯನ್ನು ಹೇಳುವ ಹುಬ್ಬಳ್ಳಿಯ ಕಬಡ್ಡಿ ಮಂದಿ ಮೊದಲು ಆ ಯಂತ್ರಕ್ಕೆ ಕೈಮುಗಿಯುತ್ತಾರೆ. ಆಮೇಲೆಯೇ ಅದರ ತಪ್ಪಿಗೆ ಬರುತ್ತಾರೆ. ಮ್ಯಾಟ್ ಹಾಸುವವರು ಹೇಳಿದರೂ ಸರಿ, ಹಳೆಯ ಆಟಗಾರರ ಮನೆಯ ಹೆಂಗಸರು ಹೇಳಿದರೂ ಸರಿ, ಆರಂಭದ ಈ ನಮಸ್ಕಾರ ತಪ್ಪುವುದಿಲ್ಲ. ಆದ್ದರಿಂದ ಇಲ್ಲಿಯೂ ಅದೇ ಮೊದಲು ಬರಬೇಕು.

ಯಂತ್ರ ಬರುವುದಕ್ಕೆ ಮೊದಲು ಎಳೆಯ ದಾಳಿಗಾರರು ಕಮರಿಹೋಗುತ್ತಿದ್ದರು. ಚುರುಕಾದ ಹುಡುಗನೊಬ್ಬ ಸಿಕ್ಕಿದ ಎಂದರೆ ತಂಡದವರು ತಡೆದುಕೊಳ್ಳುತ್ತಿರಲಿಲ್ಲ; ಹತ್ತು ಸಾವಿರ ಜನರ ಎದುರು, ಬಲಿತ ಏಳು ಮಂದಿಯ ನಡುವೆ ಅವನನ್ನು ಒಬ್ಬಂಟಿಯಾಗಿ ಕಳುಹಿಸಿಬಿಡುತ್ತಿದ್ದರು. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಕೆಲವರ ಮೈಯಲ್ಲಿ ವಿಚಿತ್ರವೊಂದು ನೆಲೆಸುತ್ತಿತ್ತು. ಎದುರಾಳಿಯ ಕೈ ಚಾಚುವ ಮೊದಲೇ ಅವರ ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಮುಂದೆ ಹೋಗು ಎಂದು ಮನಸ್ಸು ಎಷ್ಟು ಹೇಳಿದರೂ ಕಾಲು ಕೇಳುತ್ತಿರಲಿಲ್ಲ. ಅಂಜಿಕೆ ಮನಸ್ಸನ್ನು ದಾಟಿ ಬೆನ್ನುಹುರಿಗೆ ಇಳಿದಿದೆ, ಅಲ್ಲಿಂದ ಅದನ್ನು ತೆಗೆಯುವ ಔಷಧವಿಲ್ಲ ಎಂದು ವೈದ್ಯರು ಹೇಳಿದರು. ಆಟಗಾರರು ಅದನ್ನು ಕಮರುವುದು ಎಂದು ಕರೆದರು. ಕಮರಿದವನು ಆಟ ಬಿಟ್ಟ ಮೇಲೂ, ಹೆಂಡತಿ ಚಹದ ಕಪ್ಪು ಚಾಚಿದರೆ ಹಿಂದೆ ಸರಿಯುತ್ತಿದ್ದನಂತೆ.

ಹದಮಾಪಕ ಇದನ್ನು ನಿಲ್ಲಿಸಿತು. ಪಕ್ಕೆಲುಬಿಗೆ ಅಂಟಿಸುವ ಎರಡು ತೆಳುವಾದ ಬಿಲ್ಲೆ, ಕೊರಳಿಗೊಂದು ಪಟ್ಟಿ, ಇಷ್ಟೇ ಅದರ ಮೈ. ಅದು ವೇಗವನ್ನಾಗಲಿ ಬಲವನ್ನಾಗಲಿ ಅಳೆಯುತ್ತಿರಲಿಲ್ಲ. ಸೋತ ಗಳಿಗೆಯಿಂದ ಮೈ ತನ್ನ ಸ್ಥಿತಿಗೆ ಮರಳುವವರೆಗೆ ಉಸಿರು, ನಾಡಿ, ನರಗಳ ಕಂಪನ ಮೂರೂ ಹೇಗೆ ಇಳಿಯುತ್ತವೆ ಎಂಬುದನ್ನು ಮಾತ್ರ ಅಳೆದು ನೂರಕ್ಕೆ ಇಷ್ಟು ಎಂದು ಹೇಳುತ್ತಿತ್ತು. ಅದಕ್ಕೆ ಹದಾಂಕ ಎಂದು ಹೆಸರು. ಎಪ್ಪತ್ತರ ಗೆರೆ ದಾಟಿದವನನ್ನು ಕಣಕ್ಕಿಳಿಸಬಹುದು, ದಾಟದವನನ್ನು ಇನ್ನೂ ಹಸಿ ಎಂದು ಕಾಯಿಸಬೇಕು. ಮೊದಲ ವರ್ಷವೇ ಕಮರುವವರ ಸಂಖ್ಯೆ ಅರ್ಧಕ್ಕಿಳಿಯಿತು. ಯಾವ ತಾಯಂದಿರ ಮಕ್ಕಳು ಅದರಿಂದ ಉಳಿದರೋ ಆ ತಾಯಂದಿರು ಯಂತ್ರವನ್ನು ಈಗಲೂ ಹರಸುತ್ತಾರೆ.

ಒಳ್ಳೆಯದು ಎಂದಾದ ಮೇಲೆ ಅದು ಕಬಡ್ಡಿಯ ಮ್ಯಾಟಿನ ಮೇಲೆ ಮಾತ್ರ ಉಳಿಯಲಿಲ್ಲ. ಬಸ್ಸಿನ ಡ್ರೈವರಿಗೆ, ಶಸ್ತ್ರಚಿಕಿತ್ಸೆಯ ವೈದ್ಯರಿಗೆ, ಕಲ್ಯಾಣಮಂಟಪದ ಅಡುಗೆಯವರಿಗೆ ಒಂದೊಂದು ಗೆರೆ ಬಂತು. ಧಾರವಾಡದ ದರ್ಜಿಯೊಬ್ಬ ತನ್ನ ಹದಾಂಕವನ್ನು ಬೋರ್ಡಿನ ಮೇಲೆ ಬರೆಸಿದನೆಂದೂ, ಮದುವೆಯ ಮಾತುಕತೆಯಲ್ಲಿ ವರನ ಸಂಬಳದ ಜೊತೆಗೆ ಹದಾಂಕವನ್ನೂ ಕೇಳತೊಡಗಿದರೆಂದೂ ಹೇಳುತ್ತಾರೆ. ಎರಡನೆಯದನ್ನು ಕೆಲವರು ಒಪ್ಪುವುದಿಲ್ಲ.

ಈ ಕಥೆ ನಡೆದಾಗ ಯಂತ್ರ ಬಂದು ಹನ್ನೊಂದು ವರ್ಷವಾಗಿತ್ತು. ಹುಬ್ಬಳ್ಳಿಯ ಮಲಪ್ರಭಾ ಪಡೆ ಎಂಬ ತಂಡದಲ್ಲಿ ಮಧುಮತಿ ಹಂಚಿನಮನಿ ಹದಾಧಿಕಾರಿಯಾಗಿದ್ದಳು. ನರವಿಜ್ಞಾನ ಓದಿದವಳು, ಮಾತು ಕಡಿಮೆ, ಲೆಕ್ಕ ಬಿಗಿ. ಯಾರು ಯಾವಾಗ ಕಣಕ್ಕಿಳಿಯಬೇಕೆಂಬುದು ಕೋಚಿನ ಕೈಯಿಂದ ತಪ್ಪಿ ಅವಳ ಪರದೆಗೆ ಬಂದು ಎಷ್ಟೋ ಕಾಲವಾಗಿತ್ತು.

ಉಣಕಲ್ ಕೆರೆಯ ಹತ್ತಿರದ ಅಭ್ಯಾಸ ಕೇಂದ್ರದಲ್ಲಿ ಒಂದು ಬೆಳಿಗ್ಗೆ ಅವಳು ಗಾಜಿನ ಹಿಂದೆ ಕುಳಿತು ಮಾಳಿಂಗ ಪೂಜಾರಿಯ ಪರೀಕ್ಷೆ ನಡೆಸುತ್ತಿದ್ದಳು. ಇಂಡಿ ತಾಲೂಕಿನ ಹುಡುಗ, ಇಪ್ಪತ್ತೆರಡರ ಪ್ರಾಯ, ಉದ್ದ ಕಾಲು. ಪರೀಕ್ಷಾಕೋಣೆಯಲ್ಲಿ ಏಳು ಯಾಂತ್ರಿಕ ತೋಳುಗಳಿದ್ದವು. ಅವು ಎದುರಾಳಿಗಳಂತೆ ಚಲಿಸಿ ಅವನನ್ನು ಹಿಡಿದು ಕೆಡವುತ್ತಿದ್ದವು. ಪರದೆ ಅವನ ಮೈ ತಣಿಯುವುದನ್ನು ಗೆರೆಯಾಗಿ ಎಳೆಯುತ್ತಿತ್ತು. ಗೆರೆ ತಳ ಮುಟ್ಟಿದೊಡನೆ ಸೀಟಿ ಊದುತ್ತಿತ್ತು, ಅವನು ಎದ್ದು ಮತ್ತೆ ಹೊರಡುತ್ತಿದ್ದನು. ಪರೀಕ್ಷೆ ಮುಗಿದಾಗ ಅಂಕ ಎಂಬತ್ತನಾಲ್ಕಕ್ಕೆ ನಿಂತಿತು. ಕಳೆದ ವರ್ಷವೂ ಅಷ್ಟೇ, ಅದರ ಹಿಂದಿನ ವರ್ಷವೂ ಅಷ್ಟೇ. ದಾಟಬೇಕಾದ ಗೆರೆ ಮಾತ್ರ ಎಪ್ಪತ್ತರಿಂದ ಏರುತ್ತಾ ಬಂದು ಈಗ ತೊಂಬತ್ತೊಂದಾಗಿತ್ತು.

"ಎಷ್ಟ್ ಬಂತ್ರಿ ಮೇಡಂ?" ಮಾಳಿಂಗ ಬೆವರು ಒರೆಸಿಕೊಳ್ಳುತ್ತಾ ಗಾಜಿನ ಬಳಿಗೆ ಬಂದ.

"ಎಂಬತ್ನಾಲ್ಕು."

"ಅದs ನಮ್ಮ ಮನೀ ನಂಬರ ಆಗ್ಯಾದ ಬಿಡ್ರಿ. ಪೋಸ್ಟಿನವ್ರೂ ಅದಕ್ಕs ಬರ್ತಾರ."

ಮಧುಮತಿಗೆ ನಗು ಬಂದರೂ ತಡೆದುಕೊಂಡಳು. "ಕೆಳಗ ಬಿದ್ದಾಗ ನಿನ್ನ ಗೆರಿ ಭಾಳ ನಿಧಾನ ಇಳೀತದ ಮಾಳಿಂಗ. ಆ ಹೊತ್ತಿನ್ಯಾಗ ಏನ್ ವಿಚಾರ ಮಾಡ್ತಿ?"

"ಏನಿಲ್ರಿ. ಯಾರರ ಎಬ್ಬಸ್ತಾರೇನು ಅಂತ ಕಾಯ್ತೀನ್ರಿ."

"ಎಬ್ಬಸೂದು ಅಂದ್ರ?"

"ನಮ್ಮೂರ ಆಟದಾಗ ಔಟಾದಾಂವ ಸತ್ತಾಂಗ ಅಲ್ರಿ. ನಮ್ಮವ್ರು ಒಬ್ಬ ಹೋಗಿ ಪಾಯಿಂಟ ತಂದ್ರ ಜೀವ ಬರ್ತದ. ಇಲ್ಲಿ ಸೀಟಿ ಊದಿ ಏಳು ಅಂತೀರಿ. ಸತ್ತಾಂವ ತಾನs ಹ್ಯಾಂಗ ಏಳ್ತಾನ್ರಿ?"

ಅವಳು ಅದನ್ನು ತಮಾಷೆ ಎಂದುಕೊಂಡಳು. ಅವನೂ ಹಾಗೆಯೇ ಹೇಳಿದ್ದನು.

ಆದರೆ ತಮಾಷೆಗೆ ಕಾಲ ಉಳಿದಿರಲಿಲ್ಲ. ನಾಲ್ಕು ಹಂಗಾಮು ಕಾದೂ ಗೆರೆ ಮುಟ್ಟದವನ ನೋಂದಣಿ ರದ್ದಾಗಬೇಕು, ಮತ್ತೆಂದೂ ಅವನು ಲೀಗಿನಲ್ಲಿ ಆಡುವಂತಿಲ್ಲ ಎಂಬುದು ನಿಯಮ. ಇದು ಮಾಳಿಂಗನ ನಾಲ್ಕನೆಯ ಹಂಗಾಮು, ಉಳಿದದ್ದು ಒಂದೇ ಪಂದ್ಯ. ನಿಯಮದಲ್ಲಿ ಒಂದು ಕಿಂಡಿ ಮಾತ್ರ ಇತ್ತು. ಹದಾಧಿಕಾರಿ ತನ್ನ ಸ್ವಂತ ಹೊಣೆಯ ಮೇಲೆ ಹುಡುಗನನ್ನು ಇಳಿಸಬಹುದು. ಹುಡುಗ ಕಮರಿದರೆ ಅವನ ಜೊತೆಗೆ ಅಧಿಕಾರಿಯ ಪರವಾನಗಿಯೂ ಹೋಗುತ್ತದೆ. ಲೀಗಿನ ಯಾವ ತಂಡದಲ್ಲಿಯೂ ಯಾರೂ ಆ ಕಿಂಡಿ ತೆರೆದಿರಲಿಲ್ಲ.

ಕೋಚ್ ಗಫಾರ್ ಇನಾಮದಾರ ಬಾಗಿಲಲ್ಲಿ ನಿಂತು ಅಂಕ ನೋಡಿದರು. ಅರವತ್ತು ಮೀರಿದ ದಪ್ಪ ಮನುಷ್ಯ. ಧ್ವನಿ ಮಾತ್ರ ತೆಳು. "ಅಲ್ರಿ ಡಾಕ್ಟರಬಾಯಿ, ಮೊದಲ ಎಪ್ಪತ್ತಕ್ಕ ಆಡಸ್ತಿದ್ವಿ. ಆ ಎಪ್ಪತ್ತರ ಮಂದೀನ ಕಪ್ ತಂದಾರ. ಈಗ ಎಂಬತ್ನಾಲ್ಕು ಅಂದ್ರ ಹಸಿ ಅಂತೈತಿ ನಿಮ್ಮ ಯಂತ್ರ. ಮನಷ್ಯಾರು ಬದ್ಲಾದ್ರೋ, ಯಂತ್ರ ಬದ್ಲಾತೋ?"

"ಪ್ರತಿ ವರ್ಷದ ಪಂದ್ಯ ನೋಡಿ ಗೆರೀನ ಅದs ತಿದ್ದಿಕೊಳ್ತದ್ರಿ ಸರ್. ನಾ ತಿದ್ದೂದಲ್ಲ."

"ಅದನ್ನs ಕೇಳಾಕತ್ತೇನಿ. ಯಾಕ ಮ್ಯಾಲs ಹೊಂಟೈತಿ?"

ಅವಳು ಪರದೆ ಆರಿಸಿ ಮನೆಗೆ ಹೊರಟಳು.

ಉತ್ತರ ಸಿಕ್ಕಿದ್ದು ಮನೆಯಲ್ಲಿ. ವಿದ್ಯಾನಗರದ ಮನೆಯ ನಡುಮನೆಯಲ್ಲಿ ಅತ್ತೆ ಗುರುಬಸವ್ವ ಉಳ್ಳಾಗಡ್ಡಿ ರಾಶಿ ಹಾಕಿಕೊಂಡು ಕುಳಿತಿದ್ದಳು. ನಾದಿನಿ ಅಕ್ಕಮ್ಮ ಖಾಕಿ ಅಂಗಿ ಕಳಚದೆ ಗೋಡೆಗೊರಗಿದ್ದಳು. ಅಕ್ಕಮ್ಮ ಬಸ್ ಓಡಿಸಲು ಕಲಿತು ಎರಡು ವರ್ಷವಾಗಿತ್ತು. ಗೆರೆಗೆ ಎರಡು ಅಂಕ ಕಡಿಮೆಯಿದ್ದುದರಿಂದ ಇನ್ನೂ ಡಿಪೋದ ಅಂಗಳದಲ್ಲೇ ಖಾಲಿ ಬಸ್ಸನ್ನು ಸುತ್ತಿಸುತ್ತಿದ್ದಳು.

"ಇವತ್ತರ ಎಲ್ಲಿಗಿ ಹೋಗಿತ್ತವಾ ನಿನ್ನ ಬಸ್ಸು?" ಗುರುಬಸವ್ವ ಕೇಳಿದಳು.

"ನೀರಿನ ಟಾಕಿತನಾ ಹೋಗಿತ್ತವ್ವಾ. ಹೊಳ್ಳಿ ಬಂತು."

"ಮತ್ತ ಪ್ಯಾಸೆಂಜರು?"

"ಎರಡು ನಾಯಿ. ಒಂದ ಟಿಕೀಟ ತಗೋಲಿಲ್ಲ."

ಗುರುಬಸವ್ವ ಸೊಸೆಯ ಕಡೆ ತಿರುಗಿದಳು. "ಕೇಳಿದೇನs ಮಧೂ? ನಿಮ್ಮ ಯಂತ್ರ ನನ್ನ ಕಾಲಕ್ಕ ಇದ್ದಿದ್ರ ನನ್ನ ಬಾಳೇ ಚಾಲೂ ಆಗ್ತಿದ್ದಿಲ್ಲ. ಲಗ್ನ ಆದ ದಿನ ನನ್ನ ಕೈ ನಡಗೂದು ನೋಡಿ ನಿಮ್ಮ ಮಾವಾರು ಜ್ವರಾ ಬಂದಾವೇನು ಅಂತ ಕೇಳಿದ್ರು."

ಮೂವರೂ ನಕ್ಕರು. ಗುರುಬಸವ್ವನ ಕೈ ನಿಲ್ಲಲಿಲ್ಲ. ರಾಶಿಯಿಂದ ಸಣ್ಣ ಗಡ್ಡೆಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಒಮ್ಮೆ ಆರಿಸಿ ಮುಗಿಯಿತು. ನೋಡಿದರೆ ಉಳಿದದ್ದರಲ್ಲಿ ಮತ್ತೆ ಕೆಲವು ಸಣ್ಣದಾಗಿ ಕಂಡವು. ಅವನ್ನೂ ತೆಗೆದಳು. ಮತ್ತೆ ನೋಡಿದಳು. "ಈ ಸಂತ್ಯಾವ ಬರೇ ಸಣ್ಣಾವs ಹಾಕ್ಯಾನ ನೋಡು," ಎಂದು ಗೊಣಗಿ ಮೂರನೆಯ ಬಾರಿ ಆರಿಸತೊಡಗಿದಳು. ಬುಟ್ಟಿ ತುಂಬಿತ್ತು, ರಾಶಿ ಕರಗಿತ್ತು.

ಮಧುಮತಿ ಚಹದ ಕಪ್ಪನ್ನು ಕೆಳಗಿಟ್ಟು ಬುಟ್ಟಿಯನ್ನು ನೋಡುತ್ತಾ ನಿಂತಳು. ಎಪ್ಪತ್ತರ ಕೆಳಗಿನವರನ್ನು ಯಂತ್ರ ಮೊದಲ ವರ್ಷ ಹೊರಗಿಟ್ಟಿತ್ತು. ಎರಡನೆಯ ವರ್ಷ ಅದಕ್ಕೆ ಕಂಡದ್ದು ಎಪ್ಪತ್ತರ ಮೇಲಿನವರ ಪಂದ್ಯಗಳು ಮಾತ್ರ. ಅವರಲ್ಲಿ ಕಡಿಮೆ ಅಂಕದವರು ಉಳಿದವರಿಗಿಂತ ತುಸು ತಡವರಿಸಿದರು. ಯಂತ್ರ ಅವರನ್ನೇ ಹಸಿ ಎಂದು ಬಗೆದು ಗೆರೆ ಏರಿಸಿತು. ಮೂರನೆಯ ವರ್ಷವೂ ಅದೇ ಆಯಿತು. ಹೊರಗಿಟ್ಟವರು ಆಡಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವ ದಾರಿಯೇ ಅದಕ್ಕೆ ಉಳಿದಿರಲಿಲ್ಲ. ಆ ದಾರಿ ತೆರೆಯಬೇಕಾದರೆ ಯಾರಾದರೊಬ್ಬರು ಗೆರೆಯ ಕೆಳಗಿನವನನ್ನು ಇಳಿಸಿ ನೋಡಲೇಬೇಕು. ಇಳಿಸಿದವನು ಕಮರಿದರೆ?

"ಯಾಕs, ಬಾಯಿ ತೆರಕೊಂಡು ನಿಂತಿ?" ಎಂದಳು ಅತ್ತೆ.

"ಅತ್ತ್ಯಾ, ಆ ಬುಟ್ಟ್ಯಾಗಿನವು ಏನ್ ಸಣ್ಣಾವ ಅಲ್ಲರೀ."

"ಮತ್ತ ನೀ ಬಂದು ಆರಸು!"

ಮರುದಿನ ಅವಳೂ ಗಫಾರರೂ ಹಳೆ ಹುಬ್ಬಳ್ಳಿಯಲ್ಲಿದ್ದ ಯಮನಪ್ಪ ಗಾಣಿಗೇರನ ಮನೆಗೆ ಹೋದರು. ಯಮನಪ್ಪ ತಂಡದ ಮುಖ್ಯ ದಾಳಿಗಾರ. ಮೂವತ್ತೆಂಟು ದಾಟಿದ್ದನು, ಸೊಂಟದ ಕೀಲು ಸವೆದಿತ್ತು. ಅವನ ಜಾಗಕ್ಕೆ ಬರಬೇಕಾದವರು ಯಾರೂ ಗೆರೆ ಮುಟ್ಟದ್ದರಿಂದ ನಾಲ್ಕು ಹಂಗಾಮುಗಳಿಂದ ಅವನೇ ಹೆಚ್ಚಿನ ದಾಳಿಗಳನ್ನು ಹೊತ್ತಿದ್ದನು. ಹೆಂಡತಿ ರತ್ನವ್ವ ಬಂದವರಿಗೆ ಚಾಪೆ ಹಾಸಿ, ಗಂಡನಿಗೆ ಮಾತ್ರ ಕುರ್ಚಿ ಎಳೆದಳು.

"ತಪ್ಪ ತಿಳ್ಕೋಬ್ಯಾಡ್ರಿ, ಇವ್ರಿಗೆ ಕೆಳಗ ಕುಂದ್ರಾಕ ಬರಂಗಿಲ್ಲ," ಎಂದಳು. "ಮನ್ನೆ ನಮ್ಮ ಮಾವಾರ ವರ್ಷದ ಪೂಜಿಗೂ ನಿಂತಗೊಂಡs ಕಾಯಿ ಒಡದಾರ."

"ಅದನ್ನೆಲ್ಲಾ ಯಾಕ ಹೇಳ್ತಿ ಬಿಡು," ಎಂದ ಯಮನಪ್ಪ.

"ಯಾಕ ಹೇಳಬಾರದ್ರಿ? ಟಿವ್ಯಾಗ ಹುಲಿ ಅಂತಾರ. ಹುಲಿ ಪಾಯಖಾನಿಗಿ ಹೋಗಬೇಕಂದ್ರ ನಾ ಹೆಗಲ ಕೊಡಬೇಕು."

ಗಫಾರರು ತಲೆ ತಗ್ಗಿಸಿದರು. ಮಧುಮತಿ ತಾನು ಬಂದ ಕಾರಣ ಹೇಳಿದಳು. ಕಡೆಯ ಪಂದ್ಯದಲ್ಲಿ ಮಾಳಿಂಗನನ್ನು ಮೊದಲ ದಾಳಿಗೆ ಕಳುಹಿಸಬೇಕೆಂದಿದೆ. ಯಮನಪ್ಪ ಅಂಕಣದಲ್ಲಿದ್ದರೂ ದಾಳಿಗೆ ಹೋಗಬೇಕಾಗಿಲ್ಲ. ಬೇಡ ಎಂದರೆ ಈ ಮಾತು ಇಲ್ಲಿಗೇ ನಿಲ್ಲಲಿ.

ಯಮನಪ್ಪನ ಕಣ್ಣು ತುಂಬಿತು. ಜಾಗ ಬಿಡುವ ನೋವು ಅದು ಎಂದು ಅವಳು ಎಣಿಸಿದಳು. ಅವನು ಕಣ್ಣೊರೆಸಿಕೊಂಡು, "ನಾಲ್ಕ ವರ್ಷದಿಂದ ಯಾರರ ಈ ಮಾತ ಆಡ್ತಾರೇನು ಅಂತ ದಾರಿ ನೋಡಾಕತ್ತಿದ್ನಿರಿ ಮೇಡಂ," ಎಂದ. "ನಾನs ಹ್ಯಾಂಗ ಕೇಳ್ಲಿ? ಕೇಳಿದ್ರ ಅಂಜಿದ ಅಂತಾರ. ನಿಮಗ ಪುಣ್ಯಾ ಬರಲಿ."

ರತ್ನವ್ವ ಒಳಗೆ ಹೋಗಿ ಶೇಂಗಾ ಹೋಳಿಗೆ ತಂದಳು. ಬೇಡವೆಂದರೂ ಇಬ್ಬರ ಕೈಗೂ ಎರಡೆರಡು ಹಾಕಿದಳು.

ಪಂದ್ಯ ಅದೇ ದಿನ ಸಂಜೆಗಿತ್ತು. ಎದುರಾಳಿ ಸೋಲಾಪುರದ ಕಡೆಯ ತಂಡ; ಹಿಡಿಯುವುದರಲ್ಲಿ ಆ ಹಂಗಾಮಿನ ಮೊದಲಿಗರು. ಕ್ರೀಡಾಂಗಣದ ಮೇಲಂತಸ್ತಿನ ನಿಯಂತ್ರಣ ಕೊಠಡಿಯಲ್ಲಿ ಮಧುಮತಿ ಪರದೆಯ ಮೇಲೆ ತನ್ನ ಬೆರಳನ್ನೊತ್ತಿ ಹೊಣೆ ಹೊತ್ತುಕೊಂಡಳು. 'ಈ ಆಟಗಾರ ಹಸಿ' ಎಂದು ಯಂತ್ರ ಕೆಂಪಕ್ಷರದಲ್ಲಿ ಎರಡು ಬಾರಿ ಎಚ್ಚರಿಸಿತು. ಎರಡು ಬಾರಿಯೂ ಅವಳು ಹೌದೆಂದಳು.

ಮಾಳಿಂಗ ನಡುಗೆರೆ ಮುಟ್ಟಿ ಬೆರಳನ್ನು ಹಣೆಗೊತ್ತಿಕೊಂಡು ಹೊರಟ. ಜನ ಎದ್ದು ನಿಂತರು. ಎಡಕ್ಕೆ ಹೋದ, ಬಲಕ್ಕೆ ತಿರುಗಿದ, ಚಾಚಿದ ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ, ಮೂಲೆಯವನು ಹಾರಿ ಹಿಮ್ಮಡಿ ಹಿಡಿದ, ಉಳಿದವರು ಮೇಲೆ ಬಿದ್ದರು. ಮೊದಲ ದಾಳಿಯೇ ಮುಗಿಯಿತು. ಪರದೆಯ ಗೆರೆ ಮೇಲಕ್ಕೆ ಜಿಗಿದು, ಪರೀಕ್ಷಾಕೋಣೆಯಲ್ಲಿ ಇಳಿಯುತ್ತಿದ್ದಂತೆಯೇ ನಿಧಾನವಾಗಿ ಇಳಿಯತೊಡಗಿತು. ಅವನು ಹೊರಗಿನ ಬೆಂಚಿನ ಮೇಲೆ ಕುಳಿತ. ಆಮೇಲೆ ಹೋದ ದಾಳಿಗಾರರೂ ಸಿಕ್ಕಿಬಿದ್ದರು. ಯಮನಪ್ಪ ದಾಳಿಗೆ ಹೊರಟರೆ ಗಫಾರರು ಅಂಕಣದ ಹೊರಗಿನಿಂದಲೇ ಕೈ ಅಡ್ಡ ಮಾಡಿ ತಡೆದರು. ಸೊಂಟವನ್ನು ಉಳಿಸಬೇಕೆಂದು ಅವರು ಮಾತು ಕೊಟ್ಟಿದ್ದರು. ತಂಡದ ಏಳೂ ಮಂದಿ ಔಟಾಗಿ, ನಿಯಮದಂತೆ ಏಳೂ ಮಂದಿ ಒಟ್ಟಿಗೆ ಮರಳಿದರು. ಮಾಳಿಂಗ ಮತ್ತೆ ಹೋದ. ಮತ್ತೆ ಸಿಕ್ಕಿದ.

ಆಗ ಪರದೆಯ ಅಂಚಿನಲ್ಲಿ ಮಧುಮತಿ ಏನನ್ನು ಕಾಣಬಾರದೆಂದು ಬೇಡಿಕೊಳ್ಳುತ್ತಿದ್ದಳೋ ಅದು ಕಂಡಿತು. ಎದುರಾಳಿಯ ಕೈ ತಗಲುವುದಕ್ಕೆ ತುಸು ಮೊದಲೇ ತೊಡೆಗಿಳಿಯುವ ನರದಲ್ಲೊಂದು ಸಣ್ಣ ಅದುರನ್ನು ಕೊರಳಿನ ಪಟ್ಟಿ ಹಿಡಿದಿತ್ತು. ಕಮರುವಿಕೆಯ ಮೊಳಕೆ ಅದೇ. ಒಮ್ಮೆ ಬಂದರೆ ಹೋಗಬಹುದು, ಬೇರೂರಿದರೆ ಹೋಗದು. ಅಷ್ಟರಲ್ಲಿ ಅರ್ಧ ಆಟದ ಸೀಟಿ ಆಯಿತು.

ಅವಳು ಮೆಟ್ಟಿಲಿಳಿದು ಓಡಿದಳು. ಆಟಗಾರರ ಕೋಣೆಯ ಮೂಲೆಯಲ್ಲಿ ಮಾಳಿಂಗ ತಲೆಯ ಮೇಲೆ ಟವೆಲು ಹಾಕಿಕೊಂಡು ಕುಳಿತಿದ್ದನು. ತಮಾಷೆಯ ಹುಡುಗ ಅಂದು ಮುಖ ತೋರಿಸಲಿಲ್ಲ.

"ಸರ್, ಅವನ್ನ ಹಿಂದಕ್ಕ ತಗೋರಿ," ಎಂದಳು ಗಫಾರರಿಗೆ. "ಅದುರು ಕಾಣ್ತು. ನನ್ನ ತಪ್ಪು. ಇಲ್ಲಿಗೇ ಬಿಡೋಣ."

"ಬದ್ಲಿ ಹಾಕೂನು," ಎಂದರು ಗಫಾರರು. ಧ್ವನಿ ಇನ್ನಷ್ಟು ತೆಳುವಾಗಿತ್ತು.

"ಒಂದ ನಿಮಿಷ ತಡೀರಿ." ಯಮನಪ್ಪ ಗೋಡೆ ಹಿಡಿದು ಎದ್ದು ನಿಂತಿದ್ದನು. "ಹುಡುಗ ಈಗ ಔಟಾಗಿ ಕುಂತಾನ್ರಿ. ಔಟಾದಾಂವನ್ನ ಹಂಗs ಮನಿಗಿ ಕಳಸೂದು ನಮ್ಮಲ್ಲಿ ಪದ್ಧತಿ ಇಲ್ಲ. ಸಣ್ಣ ಹುಡುಗ್ರು ಓಣ್ಯಾಗ ಆಡೂ ಆಟದಾಗೂ ಇಲ್ಲ. ಅವ್ವ ಉಣ್ಣಾಕ ಕರದ್ರೂ ಮೊದಲ ಎಬ್ಬಸಿ ಆಮ್ಯಾಲ ಕಳಸ್ತೇವಿ."

"ಇದು ಓಣಿ ಅಲ್ಲ ಯಮನಪ್ಪ. ಅವನ ನರದ ಪ್ರಶ್ನಾ ಐತಿ."

"ಹೌದ್ರಿ ಮೇಡಂ. ನೀವು ಅವನ ಸಲುವಾಗಿ ನಿಮ್ಮ ನೌಕರಿ ಇಟ್ಟೀರಿ. ನಾ ಒಂದ ದಾಳಿ ಇಡ್ತೇನಿ. ಎಬ್ಬಸಿ ಒಳಗ ತರ್ತೇನಿ. ಆಮ್ಯಾಲ ಬೇಕಾರ ನೀವs ಹೊರಗ ಕರೀರಿ."

"ನಿನ್ನ ಸೊಂಟ?"

"ಎದ್ದ ನಿಂತೈತಿ ನೋಡ್ರಿ," ಎಂದು ಅವನು ನಕ್ಕ. ನಗುವಾಗ ಮುಖ ಕಿವುಚಿತ್ತು.

ಈ ಜಾಗದಲ್ಲಿ ಕಥೆಗೆ ಎರಡು ಪಾಠಗಳಿವೆ. ಮಧುಮತಿ ಒಪ್ಪಿದಳೆಂದು ಒಂದು. ಅವಳು ಏನೂ ಹೇಳದೆ ಮೇಲಕ್ಕೆ ಹೋದಳೆಂದು ಇನ್ನೊಂದು. ಮಾಳಿಂಗನನ್ನು ಕಣದಿಂದ ಹೊರಗೆ ಕರೆಯಲು ಪರದೆಯ ಪಕ್ಕದಲ್ಲಿದ್ದ ಗುಂಡಿಯ ಮೇಲೆ ಅವಳ ಬೆರಳಿತ್ತು ಎಂಬುದರಲ್ಲಿ ಮಾತ್ರ ಎರಡಕ್ಕೂ ಭೇದವಿಲ್ಲ.

ದ್ವಿತೀಯಾರ್ಧದಲ್ಲಿ ತಂಡದ ಮೊದಲ ದಾಳಿಗೆ ಯಮನಪ್ಪ ಹೋದ. ಎಡಗಾಲನ್ನು ಅರ್ಧ ಎಳೆಯುತ್ತಿದ್ದನು. ಎದುರಾಳಿಗಳು ಅವನ ಸೊಂಟವನ್ನು ಅರಿತಿದ್ದರು. ಹತ್ತಿರ ಹತ್ತಿರ ಬಂದರು. ಅವನು ಅವರನ್ನು ಬರಲು ಬಿಟ್ಟ. ಉಸಿರು ಮುಗಿಯುತ್ತಾ ಬಂದಾಗ ಬಿದ್ದವನಂತೆ ಮೈ ಚೆಲ್ಲಿ, ಬಿದ್ದಲ್ಲಿಂದಲೇ ಕೈ ಚಾಚಿ ಒಬ್ಬನ ಮೊಣಕಾಲು ತಟ್ಟಿ, ಉರುಳಿಕೊಂಡೇ ನಡುಗೆರೆ ದಾಟಿದ. ಏಳಲಾಗಲಿಲ್ಲ. ಮಲಗಿದ್ದಲ್ಲಿಂದಲೇ ಹೊರಗಿನ ಬೆಂಚಿನ ಕಡೆ ಕೈ ತೋರಿಸಿ ಕೂಗಿದ:

"ಏಳಲೇ ಮಾಳ್ಯಾ! ಬಾ ಒಳಗ!"

ಮೇಲೆ ಮಧುಮತಿ ಪರದೆಯನ್ನು ನೋಡುತ್ತಿದ್ದಳು. ಸೋತು ಕುಳಿತವನ ಗೆರೆ ಅರ್ಧದಲ್ಲಿ ನಿಂತು ನಡುಗುತ್ತಿತ್ತು. ಆ ಕೂಗು ಕೇಳಿದ ಗಳಿಗೆ ಅದು ಇಳಿಯಲಿಲ್ಲ, ಬಿತ್ತು. ಬಾವಿಗೆ ಕೊಡ ಬಿಟ್ಟಂತೆ ನೇರ ತಳಕ್ಕೆ ಹೋಗಿ ನಿಶ್ಚಲವಾಯಿತು. ಹನ್ನೊಂದು ವರ್ಷಗಳ ದಾಖಲೆಯಲ್ಲಿ ಯಾರ ಮೈಯಲ್ಲಿಯೂ ಅಂಥ ಇಳಿಕೆಯನ್ನು ಅವಳು ಕಂಡಿರಲಿಲ್ಲ. ಯಂತ್ರ ಅದನ್ನು ಬಿಲ್ಲೆ ಕಳಚಿದೆ ಎಂದು ತಿಳಿದು ದೋಷದ ಸೂಚನೆ ಕೊಟ್ಟಿತು. ಬಿಲ್ಲೆ ಕಳಚಿರಲಿಲ್ಲ.

ಅವಳಿಗೆ ಆಗ ತಿಳಿಯಿತು. ಸತ್ತಾಂವ ತಾನs ಹ್ಯಾಂಗ ಏಳ್ತಾನ್ರಿ ಎಂದು ಹುಡುಗ ಕೇಳಿದ್ದು ತಮಾಷೆಯ ಮಾತಾದರೂ ಬರಿಯ ತಮಾಷೆಯಾಗಿರಲಿಲ್ಲ. ಯಂತ್ರ ಕಟ್ಟಿದವರು ಆಟಗಾರರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು, ಕೆಡವಿ, ಸೀಟಿ ಊದಿ ಎಬ್ಬಿಸಿದ್ದರು. ಒಬ್ಬ ಸತ್ತರೆ ಇನ್ನೊಬ್ಬ ಜೀವ ತರುವುದು ಈ ಆಟದ ನಿಯಮಪುಸ್ತಕದಲ್ಲೇ ಇದೆ, ಅದು ಅಂಕದ ಲೆಕ್ಕ ಎಂದಷ್ಟೇ ಎಲ್ಲರೂ ತಿಳಿದಿದ್ದರು. ಗೆರೆ ದಾಟಿ ಆಡಿದವರ ಮೈ ಯಾರೂ ಎಬ್ಬಿಸುವ ಮೊದಲೇ ತಣಿದಿರುತ್ತಿತ್ತು; ಆದ್ದರಿಂದ ಎಬ್ಬಿಸುವುದು ಮೈಗೂ ತಾಗುತ್ತದೆಂದು ಯಾರೂ ಅಳೆದಿರಲಿಲ್ಲ. ಅವಳೂ ಅಳೆದಿರಲಿಲ್ಲ. ಒಬ್ಬಂಟಿಯ ಹದ ಎಂಬತ್ತನಾಲ್ಕು ಎಂದು ಯಂತ್ರ ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಅವಳು ಬೆರಳನ್ನು ಗುಂಡಿಯಿಂದ ತೆಗೆದಳು.

ಮಾಳಿಂಗ ಓಡಿ ಬಂದು ಯಮನಪ್ಪನ ಪಾದ ಮುಟ್ಟಿದ. "ನಾಟಕ ಸಾಕು, ಆಡು ಹೋಗು," ಎಂದು ಯಮನಪ್ಪ ಬೈದದ್ದು ಟಿವಿಯಲ್ಲಿ ನೋಡುತ್ತಿದ್ದ ಮಂದಿಗೆಲ್ಲ ಕೇಳಿಸಿತಂತೆ. ಮುಂದಿನ ಹೊತ್ತೆಲ್ಲ ಇಂಡಿಯ ಹುಡುಗನದಾಯಿತು. ಅವನು ಎರಡು ಸಲ ಸಿಕ್ಕಿದ. ಎರಡು ಸಲವೂ ಯಾರೋ ಹೋಗಿ ಎಬ್ಬಿಸಿದರು. ಅಲ್ಲಿಯವರೆಗೆ ದಾಳಿಗೆ ಹೋಗಿ ಗೊತ್ತಿಲ್ಲದ ಮೂಲೆಯ ರಕ್ಷಕನೂ ಅವನನ್ನು ಎಬ್ಬಿಸಲೆಂದೇ ಒಮ್ಮೆ ಹೋಗಿ ಬಂದ. ಮಾಳಿಂಗ ಪ್ರತಿ ಸಲ ಎದ್ದು ಬಂದವನು ಒಬ್ಬರನ್ನೋ ಇಬ್ಬರನ್ನೋ ಮುಟ್ಟಿಯೇ ಮರಳುತ್ತಿದ್ದನು. ದೊಡ್ಡದಾಗಿದ್ದ ಅಂಕಗಳ ಅಂತರ ಕರಗಿ ಎರಡಕ್ಕೆ ಬಂತು.

ಕಡೆಯ ದಾಳಿ ಅವನದೇ. ಇಬ್ಬರನ್ನು ಮುಟ್ಟಿ ಬಂದರೆ ಸಮ, ಮೂವರಾದರೆ ಗೆಲುವು. ಅವನು ಮೂವರನ್ನು ಮುಟ್ಟಿದ. ತಿರುಗಿದ. ಅದೇ ಮೂಲೆಯವನು ಹಾರಿ ಅದೇ ಹಿಮ್ಮಡಿಗೆ ಬಿದ್ದ. ಮಾಳಿಂಗ ಎಳೆದುಕೊಂಡು ಬಂದ, ಕೈ ಚಾಚಿದ. ಬೆರಳಿಗೂ ನಡುಗೆರೆಗೂ ನಡುವೆ ಒಂದು ಗೇಣು ಉಳಿದಿತ್ತು. ಉಸಿರು ಮುಗಿಯಿತು, ಸೀಟಿಯೂ ಆಯಿತು. ಮಲಪ್ರಭಾ ಪಡೆ ಸೋತಿತು.

ಆ ಸೋಲಿನಿಂದ ಆದದ್ದನ್ನು ಹೇಳುವವರು ಬಲು ತೃಪ್ತಿಯಿಂದ ಹೇಳುತ್ತಾರೆ. ಗೆರೆಯ ಕೆಳಗಿನವನೊಬ್ಬನ ಪಂದ್ಯ ಯಂತ್ರಕ್ಕೆ ಕಡೆಗೂ ದೊರಕಿತು. ಮಧುಮತಿಯ ವರದಿ ಓದಿ ಬೇರೆ ಮೂರು ತಂಡದವರು ಧೈರ್ಯ ಮಾಡಿದರು. ಮುಂದಿನ ವರ್ಷ ಗೆರೆ ಮೊದಲ ಬಾರಿಗೆ ಕೆಳಗಿಳಿಯಿತು. ಪರೀಕ್ಷಾಕೋಣೆಯಿಂದ ಸೀಟಿಯನ್ನು ತೆಗೆದು, ಪ್ರತಿಯೊಬ್ಬನ ಜೊತೆಗೆ ಅವನನ್ನು ಎಬ್ಬಿಸುವವನೊಬ್ಬನನ್ನು ನಿಲ್ಲಿಸಿದರು. ಬಸ್ ಡಿಪೋದವರೂ ಅದನ್ನೇ ಅನುಸರಿಸಿ ಹಳೆಯ ಡ್ರೈವರೊಬ್ಬರನ್ನು ಪಕ್ಕದಲ್ಲಿ ಕೂರಿಸಿದರು. ಅಕ್ಕಮ್ಮನ ಬಸ್ಸು ಅಣ್ಣಿಗೇರಿಗೆ ಹೊರಟ ದಿನ ಗುರುಬಸವ್ವ ಮೊದಲ ಸೀಟಿನಲ್ಲಿ ಕುಳಿತು, ಇಳಿಯುವವರೆಗೂ ಕಣ್ಣು ಬಿಡಲಿಲ್ಲ. ಯಮನಪ್ಪ ಆಟ ಬಿಟ್ಟ. ಅವನಿಗೆ ಹೊಸ ಕೀಲು ಹಾಕಿದರು. ರತ್ನವ್ವ ಪ್ರತಿ ಹಬ್ಬಕ್ಕೆ ಹಂಚಿನಮನಿಯವರ ಮನೆಗೆ ಹೋಳಿಗೆ ಕಳುಹಿಸುವುದನ್ನು ಬಿಡಲಿಲ್ಲ.

ಆದರೆ ಕಥೆ ಬಲ್ಲವರು ಇದನ್ನೆಲ್ಲ ಹೇಳಿದ ಮೇಲೆ ಮತ್ತೆ ಆ ಸಂಜೆಗೇ ಹಿಂದಿರುಗಿ, ಅಲ್ಲಿಯೇ ಮಾತು ನಿಲ್ಲಿಸುತ್ತಾರೆ.

ಕಡೆಯ ಸೀಟಿಯಾದ ಮೇಲೆ ಮಧುಮತಿ ಪರದೆಯ ಮುಂದೆ ಕೂರಲಾರದೆ ಹೋದಳು. ಪಂದ್ಯ ಮುಗಿದಿತ್ತು, ಈ ಸಲ ಔಟಾದವನನ್ನು ಎಬ್ಬಿಸಲು ಯಾರೂ ಹೋಗುವಂತಿರಲಿಲ್ಲ. ಅದುರು ಬೇರೂರುವುದಾದರೆ ಈಗಲೇ. ಅಂಕ ಬರುವುದಕ್ಕೆ ಮೊದಲೇ ಅವಳು ಎದ್ದು ಕೆಳಗೆ ಬಂದಳು. ಜನ ಚದುರುತ್ತಿದ್ದರು. ಮ್ಯಾಟಿನ ಮೇಲೆ ಯಮನಪ್ಪ ಸೊಂಟದ ಕೆಳಗೆ ಹಿಮದ ಚೀಲವಿಟ್ಟುಕೊಂಡು ಅಂಗಾತ ಮಲಗಿದ್ದನು. ಮಾಳಿಂಗ ಪಕ್ಕದಲ್ಲಿ ಕುಳಿತು ಕೈ ಬೀಸುತ್ತಾ ವಾದಿಸುತ್ತಿದ್ದನು.

"ಎಡಗಾಲ ಅಲ್ಲಣ್ಣಾ, ಬಲಗಾಲ ಒಗೀಬೇಕಾಗಿತ್ತು. ಆಗ ಆ ಮಗನ ಕೈ ಜಾರತಿತ್ತು."

"ನಾಳಿಗಿ ತೋರಸ್ತೇನಿ ಬಿಡೋ ಮಾರಾಯಾ. ಜೀವ ಹೋಗಾಕತ್ತೈತಿ ನಂದು."

"ನಾಳಿಗ್ಯಾಕ? ಮ್ಯಾಟ್ ಇನ್ನಾ ತೆಗದಿಲ್ಲ." ಅವನು ಸುತ್ತ ನೋಡಿದ. ಎಲ್ಲರೂ ದಣಿದು ಬಿದ್ದಿದ್ದರು. ಕಣ್ಣಿಗೆ ಬಿದ್ದವಳು ಮಧುಮತಿ. "ಮೇಡಂ, ಒಂದೀಟು ಬರ್ರಿ ಇಲ್ಲಿ. ಆ ಮೂಲ್ಯಾಗ ನಿಂದರ್ರಿ. ನಾ ಬರ್ತೀನಿ, ನೀವು ನನ್ನ ಕಾಲ ಹಿಡೀರಿ."

"ನಾನಾ?"

"ನಾಕ ವರ್ಷ ನನ್ನ ಅಳದೀರಿ. ಒಮ್ಮಿ ಹಿಡದ ನೋಡ್ರಿ."

ಅವಳು ಚಪ್ಪಲಿ ಬಿಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮ್ಯಾಟಿನ ಮೂಲೆಗೆ ಹೋಗಿ ನಿಂತಳು. ಯಮನಪ್ಪ ಮಲಗಿದಲ್ಲಿಂದಲೇ ತಲೆ ತಿರುಗಿಸಿದ. ಗಫಾರರು ಬಾಯಿಗೆ ಕೈ ಹಿಡಿದರು. ಮಾಳಿಂಗ ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತಾ ಬಂದ. ಅವಳು ಬಗ್ಗಿ ಎರಡೂ ಕೈ ಚಾಚಿದಳು.

ಕಮರಿದ ಕಾಲು ಮುಟ್ಟುವ ಮೊದಲೇ ಹಿಂದೆ ಸರಿಯುತ್ತದೆ. ಅವಳ ಕೈ ಇನ್ನೂ ಗಾಳಿಯಲ್ಲಿತ್ತು. ಮಾಳಿಂಗನ ಕಾಲು ಸರಿಯಲಿಲ್ಲ. ಅದು ಅವಳ ಕೈಯತ್ತಲೇ ಬಂತು, ಬಿಸಿಯಾಗಿ, ಬೆವರಿನಿಂದ ಒದ್ದೆಯಾಗಿ, ಅವಳ ಅಂಗೈಯೊಳಗೆ ಬಂದು ಕುಳಿತಿತು.

"ಗಟ್ಟಿ ಹಿಡೀರಿ ಮೇಡಂ!" ಎಂದು ಯಮನಪ್ಪ ಕೂಗಿದ.

ಅವಳು ಹಿಡಿಯಲಿಲ್ಲ. ನೀರು ತುಂಬಿ, ಹಿಡಿಯಲು ಅವಳಿಗೆ ಕಣ್ಣೇ ಕಾಣುತ್ತಿರಲಿಲ್ಲ.